ಉರಿಮೂತ್ರ ಮತ್ತೆ ಮತ್ತೆ ಬರುತ್ತಿದೆ: ನೆಗ್ಗಿಲು ಕಷಾಯ, ಕ್ರ್ಯಾನ್‌ಬೆರಿ ಮಾತ್ರೆ ಸಾಕಾ?

ಪ್ರಶ್ನೆ: ನನಗೆ 54 ವರ್ಷ. ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ. ರೇಷ್ಮೆ ನೂಲು ಬಿಚ್ಚಾಣಿಕೆ ಕೆಲಸಕ್ಕೆ ಹೋಗುತ್ತೇನೆ. ಆರು ವರ್ಷದಿಂದ ಶುಗರ್ ಇದೆ. ಬಿಪಿಗೆ ಟೆಲ್ಮಿಸಾರ್ಟನ್ ನುಂಗುತ್ತೇನೆ. ಮುಟ್ಟು ನಿಂತು ನಾಲ್ಕು ವರ್ಷ ಆಯ್ತು. ಕಳೆದ ಒಂದು ವರ್ಷದಲ್ಲಿ ನಾಲ್ಕು ಸಲ ಉರಿಮೂತ್ರ ಬಂದಿದೆ. ಪ್ರತಿ ಸಲ ಮೆಡಿಕಲ್ ಶಾಪ್‌ನಲ್ಲಿ ಮಾತ್ರೆ ಮತ್ತು ಒಂದು ಸಿಹಿ ಸಿರಪ್ ತರುತ್ತೇನೆ. ಎರಡು ದಿನಕ್ಕೆ ಕಡಿಮೆ ಆಗುತ್ತದೆ, ಆಮೇಲೆ ನಿಲ್ಲಿಸಿಬಿಡುತ್ತೇನೆ. ನಮ್ಮತ್ತೆ ನೆಗ್ಗಿಲು ಮತ್ತು ಕೊಮ್ಮೆ ಬೇರಿನ ಕಷಾಯ ಕುಡಿ ಅನ್ನುತ್ತಾರೆ. ಮಗಳು ಆನ್‌ಲೈನ್‌ನಲ್ಲಿ ಕ್ರ್ಯಾನ್‌ಬೆರಿ, ಡಿ-ಮ್ಯಾನೋಸ್ ಇರುವ ಮಾತ್ರೆ ತರಿಸಿದ್ದಾಳೆ, ತಿಂಗಳಿಗೆ ಸಾವಿರ ರೂಪಾಯಿ ಮೇಲಾಗುತ್ತದೆ. ಇವುಗಳಲ್ಲಿ ಯಾವುದು ಒಳ್ಳೆಯದು? ಎಷ್ಟು ದಿನ ತಗೊಳ್ಳಬೇಕು? ಇನ್ನೊಂದು ವಿಷಯ, ನನ್ನ ಸೊಸೆ ಐದು ತಿಂಗಳ ಗರ್ಭಿಣಿ. ಅವಳಿಗೂ ಈಗ ಉರಿ ಅನ್ನುತ್ತಾಳೆ. ಅದೇ ಕಷಾಯ ಅವಳಿಗೂ ಕೊಡಬಹುದಾ?

ಉತ್ತರ: ಸೊಸೆಗೆ ಕಷಾಯ ಬೇಡ. ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಯಾಕೆ ಅಂತ ಕೊನೆಯಲ್ಲಿ ಬರೆದಿದ್ದೇನೆ.

ಇನ್ನು ನಿಮ್ಮ ವಿಷಯ. ಉರಿ ಇರುವಾಗ ಕಷಾಯವಾಗಲಿ, ಕ್ರ್ಯಾನ್‌ಬೆರಿ ಮಾತ್ರೆಯಾಗಲಿ ಸೋಂಕನ್ನು ವಾಸಿ ಮಾಡುವುದಿಲ್ಲ. ಆಗ ಬೇಕಾದದ್ದು ಮೂತ್ರ ಪರೀಕ್ಷೆ, ಸರಿಯಾದ ಆಂಟಿಬಯೋಟಿಕ್, ಪೂರ್ತಿ ಕೋರ್ಸ್. ಉರಿ ಇಲ್ಲದ ದಿನಗಳಲ್ಲಿ, ಮತ್ತೆ ಬಾರದಿರಲಿ ಅಂತ ತಗೊಳ್ಳುವುದಾದರೆ ಕ್ರ್ಯಾನ್‌ಬೆರಿಗೆ ಸ್ವಲ್ಪ ಆಧಾರ ಇದೆ. ಡಿ-ಮ್ಯಾನೋಸ್ ಮೇಲೆ ಇದ್ದ ಭರವಸೆ ಈಗ ಕಡಿಮೆಯಾಗಿದೆ. ನೆಗ್ಗಿಲು, ಕೊಮ್ಮೆ ನಿಮ್ಮ ಶುಗರ್ ಮತ್ತು ಬಿಪಿ ಮಾತ್ರೆಗಳ ಜೊತೆ ಸುಮ್ನೆ ಕುಡಿಯುವಂಥವಲ್ಲ. ಇದೆಲ್ಲಕ್ಕಿಂತ ಮುಖ್ಯವಾದದ್ದು ಒಂದಿದೆ. ನಾಲ್ಕು ಸಲ ಬಂದರೂ ಇದು ಯಾಕೆ ಮರುಕಳಿಸುತ್ತಿದೆ ಅಂತ ಇದುವರೆಗೆ ಯಾರೂ ಹುಡುಕಿಲ್ಲ. ನಿಮ್ಮ ವಯಸ್ಸು, ನಿಮ್ಮ ಶುಗರ್, ನಿಮ್ಮ ಕೆಲಸ, ಮೂರರಲ್ಲೂ ಕಾರಣ ಇರಬಹುದು. ಮೂರಕ್ಕೂ ಪರಿಹಾರ ಇದೆ. ತಿಂಗಳಿಗೆ ಸಾವಿರ ರೂಪಾಯಿ ಪೂರಕ ಮಾತ್ರೆಗೆ ಹಾಕುವ ಮುಂಚೆ ಆ ಹುಡುಕಾಟ ಆಗಬೇಕು.

ಆರು ತಿಂಗಳಲ್ಲಿ ಎರಡು ಸಲ ಅಥವಾ ವರ್ಷದಲ್ಲಿ ಮೂರು ಸಲ ಮೂತ್ರದ ಸೋಂಕು ಬಂದರೆ ಅದನ್ನು ವೈದ್ಯರು ಮರುಕಳಿಸುವ ಸೋಂಕು ಅಂತಲೇ ಲೆಕ್ಕ ಹಾಕುತ್ತಾರೆ. ನೀವು ಆ ಗೆರೆ ದಾಟಿದ್ದೀರಿ. ಹೆಂಗಸರಲ್ಲಿ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಉದ್ದ ಅಷ್ಟೇ, ಗಂಡಸರಲ್ಲಿ ಸುಮಾರು 20. ನಮ್ಮದೇ ಕರುಳಿನಲ್ಲಿ ವಾಸ ಮಾಡುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಆ ಸಣ್ಣ ದಾರಿಯನ್ನು ಸುಲಭವಾಗಿ ದಾಟಿ ಮೂತ್ರಕೋಶ ಸೇರುತ್ತದೆ. ಇಂಥ ಸೋಂಕುಗಳಲ್ಲಿ ಹೆಚ್ಚಿನವು ಅದರಿಂದಲೇ ಬರುತ್ತವೆ. ಹೆಂಗಸರಲ್ಲಿ ಅರ್ಧದಷ್ಟು ಜನಕ್ಕೆ ಜೀವನದಲ್ಲಿ ಒಂದು ಸಲವಾದರೂ ಇದು ಆಗುತ್ತದೆ. ಹಾಗಾಗಿ ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಕೊಳಕು ಅಂತ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ನಮ್ಮ ಕಡೆ ಇದನ್ನು ಮೈ ಉಷ್ಣ ಆಗಿದೆ ಅಂತ ತಿಳಿದು ಮಜ್ಜಿಗೆ, ಎಳನೀರು ಕುಡಿದು ಸುಮ್ಮನಾಗುವುದು ರೂಢಿ. ಬೇಸಿಗೆಯಲ್ಲಿ ನೀರು ಕಡಿಮೆಯಾಗಿ ಮೂತ್ರ ಗಟ್ಟಿಯಾದರೂ ಉರಿ ಬರುವುದು ನಿಜ. ಆದರೆ ವರ್ಷಕ್ಕೆ ನಾಲ್ಕು ಸಲ ಬರುವುದು ಬರೀ ಉಷ್ಣ ಅಲ್ಲ.

ಮೊದಲ ಕೆಲಸ ಮೂತ್ರದ ಕಲ್ಚರ್, ಅಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಪರೀಕ್ಷೆ. ಮುಂದಿನ ಸಲ ಉರಿ ಶುರುವಾದ ದಿನ, ಒಂದು ಮಾತ್ರೆಯನ್ನೂ ನುಂಗುವ ಮುಂಚೆ, ಸ್ಯಾಂಪಲ್ ಕೊಡಿ. ನೀರಿನಲ್ಲಿ ತೊಳೆದುಕೊಂಡು, ಮೊದಲು ಬರುವ ಮೂತ್ರ ಬಿಟ್ಟು, ನಡುವಿನದನ್ನು ಲ್ಯಾಬ್ ಕೊಡುವ ಡಬ್ಬಿಯಲ್ಲೇ ಹಿಡಿಯಬೇಕು. ಮನೆಯ ಯಾವುದೋ ಬಾಟಲಿ ಆಗುವುದಿಲ್ಲ. ಒಂದೆರಡು ಗಂಟೆಯೊಳಗೆ ಲ್ಯಾಬ್‌ಗೆ ತಲುಪಬೇಕು. ತಾಲ್ಲೂಕು ಮಟ್ಟದಲ್ಲಿ ಕಲ್ಚರ್ ಸೌಲಭ್ಯ ಇಲ್ಲದಿದ್ದರೆ ಚಿಕ್ಕಬಳ್ಳಾಪುರದ ಅಥವಾ ಕೋಲಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಆಗುತ್ತದೆ. ವರದಿಗೆ ಎರಡು ಮೂರು ದಿನ ಬೇಕು. ಯಾವ ಬ್ಯಾಕ್ಟೀರಿಯಾ ಬೆಳೆದಿದೆ, ಯಾವ ಔಷಧಿಗೆ ಅದು ಸಾಯುತ್ತದೆ, ಯಾವುದಕ್ಕೆ ಜಗ್ಗುವುದಿಲ್ಲ ಅನ್ನುವುದು ಅದರಲ್ಲಿ ಇರುತ್ತದೆ.

ಇದಕ್ಕೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣ ಇದೆ. ಉರಿಮೂತ್ರಕ್ಕೆ ಅಂಗಡಿಯಲ್ಲಿ ಕೈಗೆ ಬರುವುದು ಸಾಮಾನ್ಯವಾಗಿ ನಾರ್‌ಫ್ಲಾಕ್ಸಾಸಿನ್ ಅಥವಾ ಸಿಪ್ರೊಫ್ಲಾಕ್ಸಾಸಿನ್. ನಮ್ಮ ದೇಶದಲ್ಲಿ ಇ. ಕೋಲಿ ಈ ಗುಂಪಿನ ಮಾತ್ರೆಗಳಿಗೆ ಬಹಳ ಮಟ್ಟಿಗೆ ಒಗ್ಗಿಹೋಗಿದೆ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ವರದಿಗಳು ವರ್ಷ ವರ್ಷವೂ ಹೇಳುತ್ತಿವೆ. ಬರೀ ಮೂತ್ರಕೋಶದ ಸೋಂಕಿಗೆ ನೈಟ್ರೋಫ್ಯೂರಾಂಟೊಯಿನ್, ಫಾಸ್ಫೋಮೈಸಿನ್ ಎಂಬ ಹಳೆಯ ಔಷಧಿಗಳು ಇಂದಿಗೂ ಹೆಚ್ಚಿನವರಲ್ಲಿ ಕೆಲಸ ಮಾಡುತ್ತವೆ. ಮೊದಲನೆಯದನ್ನು ಸಾಮಾನ್ಯವಾಗಿ ಐದು ದಿನ ಕೊಡುತ್ತಾರೆ, ಎರಡನೆಯದು ಒಂದೇ ಸಲ ಕುಡಿಯುವ 3 ಗ್ರಾಂ ಪುಡಿ. ಕಿಡ್ನಿ ಶಕ್ತಿ ತೀರಾ ಕುಗ್ಗಿದ್ದರೆ ನೈಟ್ರೋಫ್ಯೂರಾಂಟೊಯಿನ್ ಕೊಡುವುದಿಲ್ಲ. ಆದ್ದರಿಂದ ಇದನ್ನು ಡಾಕ್ಟರ್ ನೋಡಿ ಬರೆಯಬೇಕು, ಇಲ್ಲಿ ಓದಿ ಅಂಗಡಿಯಲ್ಲಿ ಕೇಳಬೇಡಿ. ಎರಡು ದಿನ ನುಂಗಿ ಬಿಡುವುದಂತೂ ಇವತ್ತಿಗೇ ನಿಲ್ಲಲಿ. ಉರಿ ನಿಂತಿದೆ ಅಂದರೆ ಬ್ಯಾಕ್ಟೀರಿಯಾ ಪೂರ್ತಿ ಸತ್ತಿದೆ ಅಂತ ಅಲ್ಲ. ನಿಮ್ಮ ನಾಲ್ಕು ಸಲಗಳಲ್ಲಿ ಒಂದೆರಡು ಹೊಸ ಸೋಂಕೇ ಅಲ್ಲದಿರಬಹುದು, ಹಳೆಯದೇ ಅರ್ಧ ಉಳಿದು ಮತ್ತೆ ಎದ್ದಿರಬಹುದು.

ಶುಗರ್ ಕಡೆಗೆ ಬರೋಣ. ನೀವು ಬಿಪಿ ಮಾತ್ರೆಯ ಹೆಸರು ಬರೆದಿದ್ದೀರಿ, ಶುಗರ್ ಮಾತ್ರೆಯದು ಬರೆದಿಲ್ಲ. ಚೀಟಿ ತೆಗೆದು ನೋಡಿ. ಅದರಲ್ಲಿ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಇದೆಯಾ? ಇವು ಒಳ್ಳೆಯ ಔಷಧಿಗಳು, ಹೃದಯಕ್ಕೂ ಕಿಡ್ನಿಗೂ ರಕ್ಷಣೆ ಕೊಡುತ್ತವೆ. ಬೆಲೆ ಇಳಿದ ಮೇಲೆ ಹಳ್ಳಿಗಳ ಕಡೆಯೂ ಜಾಸ್ತಿ ಬಳಕೆಯಾಗುತ್ತಿವೆ. ಇವು ಕೆಲಸ ಮಾಡುವ ರೀತಿಯೇ ಮೈಯೊಳಗಿನ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಕಳಿಸುವುದು. ಹಾಗಾಗಿ ಕೆಲವು ಹೆಂಗಸರಿಗೆ ಆ ಜಾಗದಲ್ಲಿ ಫಂಗಸ್ ಬೆಳೆದು ಕಡಿತ, ಉರಿ, ಬಿಳಿ ಸ್ರಾವ ಬರುತ್ತದೆ. ಅದನ್ನೂ ಉರಿಮೂತ್ರ ಅಂತಲೇ ತಿಳಿದು ಆಂಟಿಬಯೋಟಿಕ್ ನುಂಗುತ್ತಾರೆ. ಆಂಟಿಬಯೋಟಿಕ್ ನುಂಗಿದರೆ ಫಂಗಸ್ ಇನ್ನೂ ಜಾಸ್ತಿಯಾಗುತ್ತದೆ. ನಿಮಗೆ ಉರಿ ಮೂತ್ರ ಹೋಗುವಾಗ ಒಳಗಿನಿಂದ ಬರುತ್ತಾ, ಮೂತ್ರ ಚರ್ಮಕ್ಕೆ ತಾಗಿದಾಗ ಹೊರಗಡೆ ಬರುತ್ತಾ? ಕಡಿತ ಇದೆಯಾ? ಇದನ್ನು ಡಾಕ್ಟರ್‌ಗೆ ಬಿಡಿಸಿ ಹೇಳಿ. ಆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ, ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತದ ಕ್ರಿಯಾಟಿನಿನ್, ಮೂತ್ರದ ಅಲ್ಬುಮಿನ್ ಮಾಡಿಸಿ. ಹೊಟ್ಟೆಯ ಸ್ಕ್ಯಾನ್‌ನಲ್ಲಿ ಮೂತ್ರ ಹೋದ ಮೇಲೂ ಎಷ್ಟು ಉಳಿಯುತ್ತದೆ ಅಂತ ನೋಡಲು ಕೇಳಿ. ವರ್ಷಗಟ್ಟಲೆ ಶುಗರ್ ಇದ್ದ ಕೆಲವರಲ್ಲಿ ಮೂತ್ರಕೋಶದ ನರ ಸೋತು ಅದು ಪೂರ್ತಿ ಖಾಲಿಯಾಗುವುದಿಲ್ಲ. ಉಳಿದ ಮೂತ್ರದಲ್ಲಿ ಬ್ಯಾಕ್ಟೀರಿಯಾ ಆರಾಮಾಗಿ ಬೆಳೆಯುತ್ತದೆ. ಕಲ್ಲು ಇದ್ದರೆ ಅದೂ ಇದೇ ಸ್ಕ್ಯಾನ್‌ನಲ್ಲಿ ಗೊತ್ತಾಗುತ್ತದೆ.

ಈಗ ವಯಸ್ಸಿನ ವಿಷಯ. ಇಡೀ ಉತ್ತರದಲ್ಲಿ ನಿಮಗೆ ಅತಿ ಹೆಚ್ಚು ಉಪಯೋಗ ಆಗಬಹುದಾದ ಮಾತು ಇದು, ಹೆಂಗಸರಿಗೆ ಅತಿ ಕಡಿಮೆ ಗೊತ್ತಿರುವುದೂ ಇದೇ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹಾರ್ಮೋನ್ ಇಳಿಯುತ್ತದೆ. ಯೋನಿಯ ಚರ್ಮ ತೆಳುವಾಗಿ ಒಣಗುತ್ತದೆ. ಅಲ್ಲಿ ಮೊದಲು ಕಾವಲು ಇದ್ದ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ಮಾಯವಾಗುತ್ತದೆ, ಹುಳಿ ಅಂಶ ತಗ್ಗುತ್ತದೆ, ಆ ಜಾಗಕ್ಕೆ ಇ. ಕೋಲಿ ಬಂದು ಕೂರುತ್ತದೆ. ಇದಕ್ಕೆ ಈಸ್ಟ್ರಿಯಾಲ್ ಕ್ರೀಮ್ ಇದೆ, ಈಸ್ಟ್ರಿಯಾಲ್ ಅಂದರೆ ಒಂದು ಬಗೆಯ ಈಸ್ಟ್ರೋಜನ್. 1993ರಲ್ಲೇ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮುಟ್ಟು ನಿಂತ, ಪದೇ ಪದೇ ಸೋಂಕು ಬರುತ್ತಿದ್ದ 93 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಈ ಕ್ರೀಮ್, ಇನ್ನೊಂದಕ್ಕೆ ಔಷಧಿ ಇಲ್ಲದ ಕ್ರೀಮ್. ಔಷಧಿ ಇಲ್ಲದವರಿಗೆ ವರ್ಷಕ್ಕೆ ಸರಾಸರಿ 5.9 ಸಲ ಸೋಂಕು ಬಂತು, ಕ್ರೀಮ್ ಹಚ್ಚಿದವರಿಗೆ 0.5 ಸಲ. ಇಷ್ಟು ದೊಡ್ಡ ವ್ಯತ್ಯಾಸ ಯಾವ ಗಿಡಮೂಲಿಕೆ ಮಾತ್ರೆಯೂ ತೋರಿಸಿಲ್ಲ. ಎರಡು ವಾರ ಪ್ರತಿ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ ಒಳಗೆ ಹಚ್ಚಿಕೊಳ್ಳುವುದು ರೂಢಿ. ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಸ್ತನ ಕ್ಯಾನ್ಸರ್ ಆಗಿದ್ದವರು, ಕಾರಣ ಗೊತ್ತಿಲ್ಲದ ರಕ್ತಸ್ರಾವ ಇರುವವರು ಮೊದಲು ಡಾಕ್ಟರ್ ಹತ್ತಿರ ಮಾತಾಡಲೇಬೇಕು. ಉಳಿದವರಿಗೆ ಸ್ತ್ರೀರೋಗ ತಜ್ಞರು ಒಮ್ಮೆ ಪರೀಕ್ಷೆ ಮಾಡಿ ಬರೆದುಕೊಡುತ್ತಾರೆ. ಕೇಳಲು ಸಂಕೋಚ ಆಗುತ್ತದೆ, ಗೊತ್ತು. ಹಾಗಾಗಿಯೇ ಎಷ್ಟೋ ಜನ ಹತ್ತು ವರ್ಷ ಉರಿಯನ್ನು ಹಲ್ಲು ಕಚ್ಚಿ ಸಹಿಸುತ್ತಾರೆ. ನೀವು ಹಾಗೆ ಮಾಡಬೇಡಿ. ಬಾಯಲ್ಲಿ ಹೇಳಲು ಆಗದಿದ್ದರೆ ಈ ಸಾಲುಗಳನ್ನೇ ತೋರಿಸಿ.

ಇನ್ನು ಮಗಳು ತರಿಸಿದ ಮಾತ್ರೆ. ಕ್ರ್ಯಾನ್‌ಬೆರಿ ಅಮೆರಿಕ, ಕೆನಡಾ ಕಡೆ ಜೌಗು ನೆಲದಲ್ಲಿ ಬೆಳೆಯುವ ಹುಳಿ ಹಣ್ಣು. ಅದರಲ್ಲಿ ಪ್ರೋಆಂಥೋಸಯಾನಿಡಿನ್ ಅನ್ನುವ ಅಂಶ ಇದೆ, ಚಿಕ್ಕದಾಗಿ ಪಿಎಸಿ ಅನ್ನುತ್ತಾರೆ. ಇ. ಕೋಲಿಯ ಮೈಮೇಲೆ ಸಣ್ಣ ಎಳೆಗಳಿರುತ್ತವೆ. ಉತ್ತರಾಣಿ ಬೀಜ ಸೀರೆ ಅಂಚಿಗೆ ಕಚ್ಚಿಕೊಳ್ಳುವ ಹಾಗೆ ಆ ಎಳೆಗಳಿಂದ ಅದು ಮೂತ್ರಕೋಶದ ಗೋಡೆಗೆ ಕಚ್ಚಿಕೊಳ್ಳುತ್ತದೆ. ಪಿಎಸಿ ಈ ಹಿಡಿತವನ್ನು ತಪ್ಪಿಸುತ್ತದೆ, ಬ್ಯಾಕ್ಟೀರಿಯಾ ಮೂತ್ರದ ಜೊತೆ ಹೊರಗೆ ಹೋಗುತ್ತದೆ. ಅದು ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ಈಗಾಗಲೇ ಕಚ್ಚಿಕೊಂಡು ಉರಿ ಎಬ್ಬಿಸಿರುವುದನ್ನು ಬಿಡಿಸುವುದೂ ಇಲ್ಲ. ಅದಕ್ಕೇ ಇದು ತಡೆಗೆ ಮಾತ್ರ, ಚಿಕಿತ್ಸೆಗೆ ಅಲ್ಲ.

ಕೆಲಸ ಮಾಡುತ್ತದಾ? ಇದರ ಬಗ್ಗೆ ವೈದ್ಯರ ಅಭಿಪ್ರಾಯವೇ ಬದಲಾಗಿದೆ. 2012ರಲ್ಲಿ ಕಾಕ್ರೇನ್ ಸಂಸ್ಥೆ ಆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡಿ, ಹೇಳಿಕೊಳ್ಳುವಂಥ ಲಾಭ ಇಲ್ಲ ಅಂದಿತ್ತು. 2023ರಲ್ಲಿ ಅದೇ ಸಂಸ್ಥೆ 50 ಅಧ್ಯಯನಗಳನ್ನು, ಸುಮಾರು 9 ಸಾವಿರ ಜನರ ಮಾಹಿತಿಯನ್ನು ಸೇರಿಸಿ ಮತ್ತೆ ನೋಡಿತು. ಪದೇ ಪದೇ ಸೋಂಕು ಬರುವ ಹೆಂಗಸರಲ್ಲಿ ಅಪಾಯ ಸುಮಾರು ಕಾಲು ಭಾಗ ತಗ್ಗುತ್ತದೆ, ಮಕ್ಕಳಲ್ಲಿ ಅರ್ಧದಷ್ಟು ತಗ್ಗುತ್ತದೆ ಅಂತ ಕಂಡಿತು. ಗರ್ಭಿಣಿಯರಿಗೆ, ಆರೈಕೆ ಕೇಂದ್ರಗಳಲ್ಲಿರುವ ವಯಸ್ಸಾದವರಿಗೆ, ಮೂತ್ರಕೋಶ ಪೂರ್ತಿ ಖಾಲಿಯಾಗದವರಿಗೆ ಲಾಭ ಕಾಣಲಿಲ್ಲ. ನಿಮ್ಮ ಸ್ಕ್ಯಾನ್ ಮುಖ್ಯ ಅಂದದ್ದು ಇದಕ್ಕೂ ಸೇರಿ. ಮೂತ್ರ ಒಳಗೆ ಉಳಿಯುತ್ತಿದ್ದರೆ ಕ್ರ್ಯಾನ್‌ಬೆರಿಗೆ ಹಾಕಿದ ದುಡ್ಡು ಹೆಚ್ಚುಕಡಿಮೆ ನೀರಿಗೆ ಹಾಕಿದಂತೆಯೇ. ಕಾಲು ಭಾಗ ಅಂದರೆ ನಿಮ್ಮ ಲೆಕ್ಕದಲ್ಲಿ ವರ್ಷಕ್ಕೆ ನಾಲ್ಕು ಮೂರಾಗಬಹುದು. ಅದು ಸಣ್ಣದಲ್ಲ, ಬಹಳ ದೊಡ್ಡದೂ ಅಲ್ಲ.

ತಗೊಳ್ಳುವುದೇ ಆದರೆ ಡಬ್ಬಿ ಹಿಂದೆ ಓದಿ. ಕ್ರ್ಯಾನ್‌ಬೆರಿ ಸಾರ ಇಷ್ಟು ಮಿಲಿಗ್ರಾಂ ಅಂತ ಬರೆದರೆ ಸಾಲದು, ಪಿಎಸಿ ಎಷ್ಟು ಅಂತ ಇರಬೇಕು. ದಿನಕ್ಕೆ 36 ಮಿಲಿಗ್ರಾಂ ಪಿಎಸಿ ಸಾಮಾನ್ಯವಾಗಿ ಹೇಳುವ ಪ್ರಮಾಣ. ಅದನ್ನು ಬರೆಯದ ಡಬ್ಬಿಯಲ್ಲಿ ಏನಿದೆ ಅಂತ ನಂಬುವುದು ಕಷ್ಟ. ಪೂರಕ ಆಹಾರದ ಡಬ್ಬಿ ಮೇಲೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಮತ್ತು ಔಷಧಿಯಾಗಿ ಬಳಸಲು ಅಲ್ಲ ಅನ್ನುವ ಸೂಚನೆ ಇರಬೇಕು ಅಂತ ನಿಯಮವೇ ಇದೆ. ಜಾಹೀರಾತಿನಲ್ಲಿ ಸೋಂಕು ವಾಸಿ ಅಂತ ದೊಡ್ಡದಾಗಿ ಹೇಳಿ, ಡಬ್ಬಿ ಮೇಲೆ ಔಷಧಿ ಅಲ್ಲ ಅಂತ ಚಿಕ್ಕದಾಗಿ ಬರೆಯುವುದು ನನಗೆ ಬಹಳ ಬೇಸರ ತರುತ್ತದೆ. ಜ್ಯೂಸ್ ಬೇಡ, ಅಂಗಡಿಯ ಕ್ರ್ಯಾನ್‌ಬೆರಿ ಪಾನೀಯಗಳಲ್ಲಿ ಸಕ್ಕರೆ ಜಾಸ್ತಿ. ಒಣಗಿಸಿ ಸಕ್ಕರೆ ಪಾಕ ಹಾಕಿದ್ದೂ ಬೇಡ. ನಮ್ಮ ಕವಳೆ ಹಣ್ಣನ್ನು ಭಾರತದ ಕ್ರ್ಯಾನ್‌ಬೆರಿ ಅಂತ ಹೇಳಿ ಮಾರುತ್ತಾರೆ. ಉಪ್ಪಿನಕಾಯಿಗೆ ಅದು ಬಹಳ ರುಚಿ, ಆದರೆ ಅದು ಬೇರೆ ಜಾತಿಯ ಗಿಡ. ಮೇಲೆ ಹೇಳಿದ ಅಧ್ಯಯನಗಳು ಅದಕ್ಕೆ ಅನ್ವಯ ಆಗುವುದಿಲ್ಲ. ರಕ್ತ ತೆಳುವಾಗಿಸುವ ವಾರ್ಫರಿನ್ ನುಂಗುವವರು, ಹಿಂದೆ ಕಿಡ್ನಿ ಕಲ್ಲು ಆಗಿರುವವರು ಕ್ರ್ಯಾನ್‌ಬೆರಿ ಮಾತ್ರೆಯನ್ನು ಡಾಕ್ಟರ್‌ಗೆ ಹೇಳದೆ ತಗೊಳ್ಳಬಾರದು. ಆರು ತಿಂಗಳು ತಗೊಂಡು ನೋಡಿ. ಸೋಂಕು ಮೊದಲಿನಷ್ಟೇ ಬರುತ್ತಿದ್ದರೆ ನಿಲ್ಲಿಸಿ. ಮುಂದುವರಿಸುವುದರಲ್ಲಿ ಅರ್ಥ ಇಲ್ಲ.

ಡಿ-ಮ್ಯಾನೋಸ್ ಒಂದು ಬಗೆಯ ಸಕ್ಕರೆ. ಇ. ಕೋಲಿ ಮೂತ್ರಕೋಶದ ಗೋಡೆ ಬಿಟ್ಟು ಇದಕ್ಕೇ ಅಂಟಿಕೊಂಡು ಹೊರಗೆ ಹೋಗಲಿ ಅನ್ನುವುದು ಯೋಚನೆ. ಲ್ಯಾಬ್‌ನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ 2024ರಲ್ಲಿ ಬ್ರಿಟನ್ನಿನ 598 ಹೆಂಗಸರ ಮೇಲೆ ನಡೆದ ಅಧ್ಯಯನದ ಫಲಿತಾಂಶ ಬಂತು. ದಿನಕ್ಕೆ 2 ಗ್ರಾಂ, ಆರು ತಿಂಗಳು. ಡಿ-ಮ್ಯಾನೋಸ್ ತಗೊಂಡವರಲ್ಲಿ ನೂರಕ್ಕೆ 51 ಜನ ಮತ್ತೆ ಸೋಂಕಿಗೆ ಡಾಕ್ಟರ್ ಹತ್ತಿರ ಹೋದರು, ತಗೊಳ್ಳದವರಲ್ಲಿ ಸುಮಾರು 56. ಆ ವ್ಯತ್ಯಾಸ ಆಕಸ್ಮಿಕವೂ ಇರಬಹುದಾದಷ್ಟು ಸಣ್ಣದು. ಇದಕ್ಕೆ ದುಡ್ಡು ಹಾಕಬೇಡಿ ಅನ್ನುವುದು ನನ್ನ ಸಲಹೆ. ಡಬ್ಬಿ ಈಗಾಗಲೇ ಮನೆಗೆ ಬಂದಿದೆ ಅಲ್ವಾ, ಡಾಕ್ಟರ್‌ಗೆ ತೋರಿಸಿ ಅದೊಂದನ್ನು ಮುಗಿಸಿ, ಮತ್ತೆ ತರಿಸಬೇಡಿ.

ಅತ್ತೆಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ನೆಗ್ಗಿಲು, ಕೊಮ್ಮೆ ಎರಡೂ ನಮ್ಮ ಒಣನೆಲದ ಗಿಡಗಳು. ಕೋಲಾರ, ಚಿಕ್ಕಬಳ್ಳಾಪುರದ ಬದುಗಳಲ್ಲಿ, ಹಾಳುಬಿದ್ದ ಹೊಲಗಳಲ್ಲಿ ಹರಡಿಕೊಂಡಿರುತ್ತವೆ. ಆಯುರ್ವೇದದಲ್ಲಿ ಒಂದನ್ನು ಗೋಕ್ಷುರ, ಇನ್ನೊಂದನ್ನು ಪುನರ್ನವ ಅನ್ನುತ್ತಾರೆ, ಎರಡನ್ನೂ ಮೂತ್ರದ ತೊಂದರೆಗೆ ಶತಮಾನಗಳಿಂದ ಬಳಸಿದ್ದಾರೆ. ಮೂತ್ರವನ್ನು ಸ್ವಲ್ಪ ಹೆಚ್ಚಿಸುವ ಗುಣ ಇವಕ್ಕಿದೆ. ಆದರೆ ನಿಮ್ಮಂಥವರಲ್ಲಿ, ಅಂದರೆ ಮರುಕಳಿಸುವ ಸೋಂಕು ಇರುವ ಹೆಂಗಸರಲ್ಲಿ, ಇವು ಸೋಂಕನ್ನು ತಡೆಯುತ್ತವೆ ಅಂತ ತೋರಿಸುವ ದೊಡ್ಡ, ನಂಬಬಹುದಾದ ಅಧ್ಯಯನ ನನ್ನ ಮುಂದೆ ಇಲ್ಲ. ಕಷಾಯ ಕುಡಿದು ಗುಣವಾಯ್ತು ಅನ್ನುವವರು ಸುಳ್ಳು ಹೇಳುತ್ತಿಲ್ಲ. ಕಷಾಯದ ನೆಪದಲ್ಲಿ ದಿನಕ್ಕೆ ಎರಡು ಮೂರು ದೊಡ್ಡ ಲೋಟ ನೀರು ಹೆಚ್ಚಾಗಿ ಒಳಗೆ ಹೋಗುತ್ತದೆ, ಮೂತ್ರಕೋಶ ತೊಳೆದುಕೊಳ್ಳುತ್ತದೆ. ಸಣ್ಣ ಸೋಂಕು ಕೆಲವರಲ್ಲಿ ತಾನಾಗಿಯೂ ಇಳಿಯುತ್ತದೆ. ಗುಣದಲ್ಲಿ ಬೇರಿನ ಪಾಲು ಎಷ್ಟು, ನೀರಿನ ಪಾಲು ಎಷ್ಟು ಅಂತ ಬಿಡಿಸುವುದು ಕಷ್ಟ. ನನಗೆ ನೀರಿನ ಪಾಲೇ ದೊಡ್ಡದು ಅನ್ನಿಸುತ್ತದೆ.

ನಿಮ್ಮ ವಿಷಯದಲ್ಲಿ ನಾನು ಹಿಂಜರಿಯುವುದು ಮಾತ್ರೆಗಳ ಕಾರಣಕ್ಕೆ. ನೆಗ್ಗಿಲು ಶುಗರ್ ಮತ್ತು ಬಿಪಿ ಎರಡನ್ನೂ ಇನ್ನಷ್ಟು ಇಳಿಸಬಹುದು. ಕೆಲಸದ ಜಾಗದಲ್ಲಿ ಕುದಿಯುವ ನೀರಿನ ಬೇಸಿನ್ ಮುಂದೆ ಕೂತಾಗ ತಲೆ ಸುತ್ತಿ ಬಿದ್ದರೆ ಏನು ಗತಿ? ಟೆಲ್ಮಿಸಾರ್ಟನ್ ನುಂಗುವವರ ಮೈಯಲ್ಲಿ ಪೊಟ್ಯಾಸಿಯಂ ಸ್ವಲ್ಪ ಹೆಚ್ಚು ಉಳಿಯುತ್ತದೆ. ಕಿಡ್ನಿ ಸೋತಿದ್ದರಂತೂ ಇನ್ನೂ ಹೆಚ್ಚು. ಕೊಮ್ಮೆಯಲ್ಲೂ, ಬಾಳೆದಿಂಡಿನ ರಸದಲ್ಲೂ, ಎಳನೀರಿನಲ್ಲೂ ಪೊಟ್ಯಾಸಿಯಂ ಇದೆ. ಅದು ಮಿತಿ ಮೀರಿದರೆ ಹೃದಯದ ಬಡಿತ ತಪ್ಪುತ್ತದೆ. ಅದಕ್ಕೇ ಕ್ರಿಯಾಟಿನಿನ್ ವರದಿ ಮೊದಲು, ಕಷಾಯದ ಮಾತು ಆಮೇಲೆ. ಕಿಡ್ನಿ ಚೆನ್ನಾಗಿದ್ದರೆ ಆಗೊಂದು ಈಗೊಂದು ಎಳನೀರಿಗೆ ನನ್ನ ಅಡ್ಡಿ ಇಲ್ಲ. ತೆಂಗು ಬೆಳೆಯುವ ತುಮಕೂರು ಕಡೆಯ ಓದುಗರು ಮುಂದಿನ ಮಾತಿಗೆ ಬೇಸರ ಮಾಡಿಕೊಳ್ಳಬಾರದು. ಕಿಡ್ನಿ ಕಾಯಿಲೆ ಇದ್ದವರಿಗೆ ದಿನಾ ಎಳನೀರು ಕುಡಿಸುವುದನ್ನು ನಿಲ್ಲಿಸಲೇಬೇಕು.

ಇನ್ನೊಂದು ತೊಂದರೆ, ನೀವು ಕುಡಿಯುವುದು ನೆಗ್ಗಿಲೇನಾ ಅನ್ನುವುದು. ನೆಲಕ್ಕೆ ಹರಡಿ ಹಳದಿ ಹೂ ಬಿಡುವ ಸಣ್ಣ ನೆಗ್ಗಿಲು ಒಂದು, ಆನೆ ನೆಗ್ಗಿಲು ಅನ್ನುವ ಬೇರೆ ಕುಟುಂಬದ ದಪ್ಪ ಗಿಡ ಇನ್ನೊಂದು. ಗ್ರಂಧಿಗೆ ಅಂಗಡಿಯಲ್ಲಿ ಎರಡೂ ಒಂದೇ ಹೆಸರಿನಲ್ಲಿ ಬರುತ್ತವೆ. ಕೊಮ್ಮೆಯ ಜಾಗದಲ್ಲೂ ಅದನ್ನೇ ಹೋಲುವ ಬೇರೆ ಸೊಪ್ಪು ಸೇರುತ್ತದೆ. ನೀವೇ ಕಿತ್ತು ತರುತ್ತೀರಿ ಅಂದರೆ ದ್ರಾಕ್ಷಿ ತೋಟ, ಟೊಮೆಟೊ ಹೊಲದ ಬದುವಿನಿಂದ ಖಂಡಿತ ಬೇಡ. ಅಲ್ಲಿ ಎಷ್ಟು ಸಲ ಔಷಧಿ ಸಿಂಪಡಿಸುತ್ತಾರೆ ಅಂತ ನಿಮಗೇ ಗೊತ್ತು. ಪ್ರಮಾಣದ ಬಗ್ಗೆ ಒಂದು ನಿಜ ಸಂಗತಿ ಹೇಳುತ್ತೇನೆ. ಇರಾನಿನಲ್ಲಿ ಕಿಡ್ನಿ ಕಲ್ಲು ತಡೆಯಲು ಒಬ್ಬ ಯುವಕ ದಿನಕ್ಕೆ ಎರಡು ಲೀಟರ್ ನೆಗ್ಗಿಲು ನೀರು ಎರಡು ದಿನ ಕುಡಿದು, ಫಿಟ್ಸ್ ಬಂದು, ಲಿವರ್ ಮತ್ತು ಕಿಡ್ನಿಗೆ ಪೆಟ್ಟಾಗಿ ಆಸ್ಪತ್ರೆ ಸೇರಿದ್ದು 2010ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಎಲ್ಲರಿಗೂ ಹಾಗಾಗುತ್ತದೆ ಅಂತ ಅಲ್ಲ. ಗಿಡಮೂಲಿಕೆಗೆ ಅಡ್ಡ ಪರಿಣಾಮವೇ ಇಲ್ಲ ಅನ್ನುವ ಮಾತು ತಪ್ಪು, ಅಷ್ಟೇ.

ಆಯುರ್ವೇದವೇ ಬೇಕು ಅನ್ನುವುದಾದರೆ ಬಿಎಎಂಎಸ್ ಓದಿದ ವೈದ್ಯರ ಹತ್ತಿರ ಹೋಗಿ. ಸರ್ಕಾರಿ ಆಯುಷ್ ಆಸ್ಪತ್ರೆಗಳು ಇವೆ. ನಿಮ್ಮ ಎಲ್ಲ ಮಾತ್ರೆಗಳನ್ನೂ ರಕ್ತದ ವರದಿಯನ್ನೂ ಜೊತೆಗೆ ಒಯ್ಯಿರಿ. ಗುಳಿಗೆಗಳಲ್ಲಿ ಭಸ್ಮ, ಅಂದರೆ ಲೋಹ ಅಥವಾ ಖನಿಜ ಸುಟ್ಟು ಮಾಡಿದ ಪುಡಿ, ಇದೆಯಾ ಅಂತ ಕೇಳಿ. ಮೂತ್ರದ ತೊಂದರೆಗೆ ಹೆಸರಾದ ಚಂದ್ರಪ್ರಭಾ ವಟಿಯಲ್ಲಿ ಲೋಹ ಭಸ್ಮ (ಕಬ್ಬಿಣದ ಭಸ್ಮ) ಇರುತ್ತದೆ. ಸರಿಯಾಗಿ ತಯಾರಾಗದ ಔಷಧಿಗಳ ಭಯ ಕಲ್ಪನೆ ಅಲ್ಲ. 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಇಂಟರ್ನೆಟ್ ಮೂಲಕ ಕೊಂಡ 193 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದಾಗ ಸುಮಾರು ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಇವು ಹೊಡೆಯುವ ಅಂಗಗಳಲ್ಲಿ ಕಿಡ್ನಿಯೂ ಒಂದು. ಹೆಸರಿಲ್ಲದ ಪೊಟ್ಟಣದ ಪುಡಿ, ಸಂತೆಯಲ್ಲಿ ಮಾರುವ ಬೇರು ಬೇಡವೇ ಬೇಡ. ಈಶ್ವರಿ ಬಳ್ಳಿಯ ಬೇರನ್ನು ಯಾರೇ ಕೊಟ್ಟರೂ ಕುಡಿಯಬೇಡಿ. ಅದರ ಜಾತಿಯ ಗಿಡಗಳಲ್ಲಿ ಇರುವ ಅರಿಸ್ಟೋಲೋಕಿಕ್ ಆಮ್ಲ ಕಿಡ್ನಿಯನ್ನು ಶಾಶ್ವತವಾಗಿ ಹಾಳು ಮಾಡುತ್ತದೆ, ಮೂತ್ರದ ಹಾದಿಯಲ್ಲಿ ಕ್ಯಾನ್ಸರ್ ತರುತ್ತದೆ. 1990ರ ದಶಕದ ಶುರುವಿನಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆಯಲ್ಲಿ ಇದೇ ಜಾತಿಯ ಗಿಡ ಸೇರಿ ಎಷ್ಟೋ ಹೆಂಗಸರ ಕಿಡ್ನಿ ಹೋಯಿತು. ಬಿಂಬುಳಿ, ಕಮರಾಕ್ಷಿ ರಸವನ್ನು ಲೋಟಗಟ್ಟಲೆ ಕುಡಿಯುವುದೂ ಕಿಡ್ನಿಗೆ ಕೆಟ್ಟದ್ದು, ಅವುಗಳಲ್ಲಿ ಆಕ್ಸಲೇಟ್ ಬಹಳ ಇದೆ.

ಬಾರ್ಲಿ ನೀರು, ಕೊತ್ತಂಬರಿ ಬೀಜ ಜೀರಿಗೆ ನೆನೆಸಿದ ನೀರು, ತೆಳು ಮಜ್ಜಿಗೆ, ಹುರುಳಿ ಕಟ್ಟಿನ ಸಾರು, ಇವೆಲ್ಲ ಊಟದ ಭಾಗವಾಗಿ ಧಾರಾಳವಾಗಿ ಇರಲಿ. ಔಷಧಿ ಅಂತ ಲೆಕ್ಕ ಹಾಕಬೇಡಿ, ಅಷ್ಟೇ.

ನೀವು ಹೇಳಿದ ಸಿಹಿ ಸಿರಪ್ ಬಹುಶಃ ಮೂತ್ರದ ಹುಳಿ ತಗ್ಗಿಸುವ ಸಿಟ್ರೇಟ್ ಸಿರಪ್. ಉರಿ ಸ್ವಲ್ಪ ಕಡಿಮೆಯಾದಂತೆ ಅನ್ನಿಸುತ್ತದೆ, ಬ್ಯಾಕ್ಟೀರಿಯಾ ಹಾಗೇ ಇರುತ್ತದೆ. ಕೆಲವದರಲ್ಲಿ ಸೋಡಿಯಂ, ಕೆಲವದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಬಿಪಿ ಇರುವ ನಿಮಗೆ ಎರಡೂ ಲೆಕ್ಕಕ್ಕೆ ಬರುತ್ತವೆ. ನೈಟ್ರೋಫ್ಯೂರಾಂಟೊಯಿನ್ ಕೆಲಸ ಮಾಡಲು ಮೂತ್ರ ಹುಳಿಯಾಗಿರಬೇಕು, ಈ ಸಿರಪ್ ಅದನ್ನು ತಡೆಯುತ್ತದೆ. ಎರಡನ್ನೂ ಒಟ್ಟಿಗೆ ಯಾರಾದರೂ ಕೊಟ್ಟರೆ ಕೇಳಿ. ಅಡುಗೆ ಸೋಡಾ ಕಲಸಿ ಕುಡಿಯುವುದಂತೂ ಬೇಡ.

ನೀರಿನ ಬಗ್ಗೆ ಬರೆಯದಿದ್ದರೆ ಉತ್ತರ ಪೂರ್ತಿ ಆಗುವುದಿಲ್ಲ. 2018ರಲ್ಲಿ ಪ್ರಕಟವಾದ ಬಲ್ಗೇರಿಯಾದ ಅಧ್ಯಯನವೊಂದು ಇದೆ. ದಿನಕ್ಕೆ ಒಂದೂವರೆ ಲೀಟರ್‌ಗಿಂತ ಕಡಿಮೆ ಕುಡಿಯುತ್ತಿದ್ದ, ಪದೇ ಪದೇ ಸೋಂಕು ಬರುತ್ತಿದ್ದ 140 ಹೆಂಗಸರಲ್ಲಿ ಅರ್ಧ ಜನಕ್ಕೆ ದಿನಾ ಒಂದೂವರೆ ಲೀಟರ್ ನೀರು ಹೆಚ್ಚಾಗಿ ಕುಡಿಸಿದರು. ಒಂದು ವರ್ಷದಲ್ಲಿ ಅವರಿಗೆ ಸರಾಸರಿ 1.7 ಸಲ ಸೋಂಕು ಬಂತು, ಉಳಿದವರಿಗೆ 3.2 ಸಲ. ಅವರಿಗೆಲ್ಲ ಇನ್ನೂ ಮುಟ್ಟು ನಿಂತಿರಲಿಲ್ಲ, ನಿಮಗೆ ಇಷ್ಟೇ ಲಾಭ ಅಂತ ಹೇಳಲು ಬರುವುದಿಲ್ಲ. ಆದರೂ ಕಾಸು ಖರ್ಚಿಲ್ಲದ ಈ ಕ್ರಮ ಹೆಚ್ಚಿನ ಪೂರಕ ಮಾತ್ರೆಗಳಿಗಿಂತ ಮುಂದಿದೆ.

ನೀವು ಎಷ್ಟು ನೀರು ಕುಡಿಯುತ್ತೀರಿ ಅಂತ ಬರೆದಿಲ್ಲ. ನನ್ನ ಊಹೆ, ಕೆಲಸದ ದಿನ ಬಹಳ ಕಡಿಮೆ. ಬಿಸಿ ಬೇಸಿನ್ ಮುಂದೆ ಇಡೀ ದಿನ ಬೆವರು ಸುರಿಯುತ್ತದೆ. ನೀರು ಕುಡಿದರೆ ಒಂದಕ್ಕೆ ಹೋಗಬೇಕು, ಹೋಗಲು ಸರಿಯಾದ ಜಾಗ ಇರುವುದಿಲ್ಲ, ಅದಕ್ಕೆ ಬೆಳಗ್ಗೆ ಟೀ ಬಿಟ್ಟರೆ ಮಧ್ಯಾಹ್ನದವರೆಗೆ ಬಾಯಿಗೆ ನೀರು ಬಿಡುವುದಿಲ್ಲ. ನೂಲಿನ ಕೆಲಸದವರು, ಟೊಮೆಟೊ ಕೀಳಲು ಹೋಗುವವರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಎಲ್ಲರೂ ಇದನ್ನೇ ಹೇಳುತ್ತಾರೆ. ಇದು ನಿಮ್ಮ ತಪ್ಪಲ್ಲ. ಬೀಗ ಇರುವ, ನೀರು ಬರುವ ಒಂದು ಶೌಚಾಲಯ ಹತ್ತು ಡಬ್ಬಿ ಕ್ರ್ಯಾನ್‌ಬೆರಿಗಿಂತ ದೊಡ್ಡ ಔಷಧಿ. ನಾಲ್ಕೈದು ಜನ ಹೆಂಗಸರು ಒಟ್ಟಾಗಿ ಯಜಮಾನರನ್ನು ಕೇಳಿ, ಸ್ವಸಹಾಯ ಸಂಘದಲ್ಲಿ ಮಾತು ಎತ್ತಿ. ಅಲ್ಲಿಯವರೆಗೆ, ಮೂರು ಗಂಟೆಗೊಮ್ಮೆ ಹೋಗಲೇಬೇಕು. ಪಾದ ನೆಲಕ್ಕೆ ಊರಿ, ಆತುರ ಪಡದೆ, ಮುಗಿದ ಮೇಲೆ ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಪ್ರಯತ್ನಿಸಿ. ಮೂತ್ರ ತಿಳಿ ಹಳದಿ ಇದ್ದರೆ ನೀರು ಸಾಕಷ್ಟು ಆಗಿದೆ ಅಂತ ಅರ್ಥ. ಹೃದಯ ಸೋತಿರುವವರು, ಕಿಡ್ನಿ ಕಾಯಿಲೆಯವರು ಮಾತ್ರ ಡಾಕ್ಟರ್ ಹೇಳಿದ ಅಳತೆ ಮೀರಬಾರದು.

ಯಾವ ನೀರು? ನಮ್ಮ ಕಡೆ ಬೋರ್‌ವೆಲ್ ಸಾವಿರ ಅಡಿ ದಾಟಿದೆ. ಬಾಗೇಪಲ್ಲಿ, ಪಾವಗಡ, ಕೋಲಾರದ ಹಲವು ಹಳ್ಳಿಗಳಲ್ಲಿ ಫ್ಲೋರೈಡ್ ಲೀಟರ್‌ಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಫ್ಲೋರೈಡ್‌ನಿಂದ ಉರಿಮೂತ್ರ ಬರುವುದಿಲ್ಲ. ಆದರೆ ನೀರು ಜಾಸ್ತಿ ಕುಡಿಯಿರಿ ಅಂತ ಹೇಳುವಾಗ ಅದು ಮೂಳೆಗೆ ಕೆಡುಕಾಗುವ ನೀರು ಆಗಬಾರದು ಅಲ್ವಾ. ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ಕುಡಿಯಲು ಇರಲಿ. ಬೆಂಗಳೂರಿನಿಂದ ಸಂಸ್ಕರಿಸಿ ಕೆರೆಗಳಿಗೆ ಹರಿಸುವ ನೀರು ಅಂತರ್ಜಲಕ್ಕೆ, ಕುಡಿಯಲು ಅಲ್ಲ.

ಇಷ್ಟೆಲ್ಲ ಮಾಡಿಯೂ ನಿಲ್ಲದಿದ್ದರೆ ದಾರಿ ಮುಚ್ಚಿಲ್ಲ. ಮೆಥೆನಮೈನ್ ಎಂಬ ಔಷಧಿ ಇದೆ, ಅದು ಆಂಟಿಬಯೋಟಿಕ್ ಅಲ್ಲ. 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ ದಿನಾ ಕೊಡುವ ಸಣ್ಣ ಪ್ರಮಾಣದ ಆಂಟಿಬಯೋಟಿಕ್‌ಗೆ ಅದು ಹೆಚ್ಚುಕಡಿಮೆ ಸಮ ನಿಂತಿತು. ಅದನ್ನು ಯೂರಾಲಜಿ ಡಾಕ್ಟರ್ ಹತ್ತಿರ ಕೇಳಬಹುದು.

ಚಳಿ ಜ್ವರ, ಪಕ್ಕೆ ಅಥವಾ ಬೆನ್ನ ಕೆಳಗೆ ನೋವು, ವಾಂತಿ, ಮೂತ್ರದಲ್ಲಿ ರಕ್ತ, ಮೂತ್ರ ಕಟ್ಟಿಕೊಳ್ಳುವುದು, ಇವುಗಳಲ್ಲಿ ಒಂದು ಕಂಡರೂ ಕಷಾಯ, ಸಿರಪ್ ಎಲ್ಲ ಬಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಿ. ರಾತ್ರಿಯಾದರೂ ಸರಿ. ಸೋಂಕು ಕಿಡ್ನಿಗೆ ಏರಿದರೆ ಶುಗರ್ ಇರುವವರಲ್ಲಿ ಬಹಳ ಬೇಗ ಕೈಮೀರುತ್ತದೆ. ಇನ್ನೊಂದು ಕಡೆ, ಉರಿ ಏನೂ ಇಲ್ಲದೆ ಬರೀ ವರದಿಯಲ್ಲಿ ಬ್ಯಾಕ್ಟೀರಿಯಾ ಬಂದಿದೆ ಅಂತ ಆಂಟಿಬಯೋಟಿಕ್ ನುಂಗಬೇಕಿಲ್ಲ. ಶುಗರ್ ಇದ್ದರೂ ಬೇಕಿಲ್ಲ.

ಇದಕ್ಕೆ ದೊಡ್ಡ ಅಪವಾದ ಗರ್ಭಿಣಿಯರು, ಹಾಗಾಗಿ ನಿಮ್ಮ ಸೊಸೆ. ಬಸುರಿನಲ್ಲಿ ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ನಾಳಗಳು ಸಡಿಲಾಗಿ ಹಿಗ್ಗುತ್ತವೆ, ಸೋಂಕು ಮೇಲಕ್ಕೆ ಕಿಡ್ನಿಗೆ ಸುಲಭವಾಗಿ ಏರುತ್ತದೆ. ಅವಧಿಗೆ ಮುಂಚೆ ಹೆರಿಗೆ, ಮಗುವಿನ ತೂಕ ಕಡಿಮೆ ಆಗುವ ಭಯ ಇದೆ. ಅದಕ್ಕೇ ಉರಿ ಇಲ್ಲದೆ ಬ್ಯಾಕ್ಟೀರಿಯಾ ಕಂಡರೂ ಗರ್ಭಿಣಿಗೆ ಚಿಕಿತ್ಸೆ ಕೊಡುತ್ತಾರೆ. ಅವಳಿಗೆ ಉರಿ ಬೇರೆ ಇದೆ. ನೆಗ್ಗಿಲು ಬಸುರಿನಲ್ಲಿ ಕೊಡಬಾರದ ಗಿಡ, ಕೊಮ್ಮೆಯೂ ಬೇಡ. ನಿಮಗೆ ಕೊಟ್ಟ ಮಾತ್ರೆಯಲ್ಲಿ ಉಳಿದಿದ್ದನ್ನು ಅವಳಿಗೆ ಕೊಡಲೇಬೇಡಿ, ಸಿಪ್ರೊಫ್ಲಾಕ್ಸಾಸಿನ್ ಗುಂಪಿನವನ್ನು ಗರ್ಭಿಣಿಯರಿಗೆ ಕೊಡುವುದಿಲ್ಲ. ಐದನೇ ತಿಂಗಳಲ್ಲಿ ಕೊಡಬಹುದಾದ ಸುರಕ್ಷಿತ ಆಂಟಿಬಯೋಟಿಕ್‌ಗಳು ಇವೆ, ಡಾಕ್ಟರ್ ಆರಿಸುತ್ತಾರೆ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಆದರೆ ಈ ಸಲ ಆ ತಾರೀಖಿಗೆ ಕಾಯಬೇಡಿ. ಆಶಾ ಕಾರ್ಯಕರ್ತೆಗೆ ಹೇಳಿ, ಇವತ್ತೇ ಕಲ್ಚರ್‌ಗೆ ಸ್ಯಾಂಪಲ್ ಕೊಡಿಸಿ. ಮಾತ್ರೆಯ ಕೋರ್ಸ್ ಮುಗಿದು ಒಂದೆರಡು ವಾರಕ್ಕೆ ಇನ್ನೊಮ್ಮೆ ಕಲ್ಚರ್ ಆಗಬೇಕು. ಎರಡೂ ವರದಿಗಳನ್ನು ತಾಯಿ ಕಾರ್ಡ್ ಜೊತೆಗೇ ಇಟ್ಟುಕೊಳ್ಳಲಿ, ಮುಂದಿನ ತಪಾಸಣೆಯಲ್ಲೂ ಹೆರಿಗೆ ಸಮಯದಲ್ಲೂ ಡಾಕ್ಟರ್ ಅವನ್ನು ಕೇಳುತ್ತಾರೆ.